ಸೈಕಲ್ಲಿಗೆ ಎಂಜಿನ್: ಮೊದಲು ಬ್ರೇಕು, ಆಮೇಲೆ ವೇಗ

ಮೂಲೆ ಸೇರಿದ ಕಳೆ ಕೊಚ್ಚುವ ಯಂತ್ರದ ಎಂಜಿನ್ ಬಿಚ್ಚಿ ಸೈಕಲ್ಲಿಗೆ ಕಟ್ಟುವ ಉತ್ಸಾಹ ನಮ್ಮ ಹಳ್ಳಿಗಳ ತರುಣರಲ್ಲಿ ಕಾಣುತ್ತಿದೆ. ಡೇರಿಗೆ ಹಾಲು, ಸಂತೆಗೆ ಸೊಪ್ಪು, ತೋಟಕ್ಕೆ ಗೊಬ್ಬರದ ಚೀಲ ಹೊರುವವರಿಗೆ ಇದರಿಂದ ಅನುಕೂಲವೆನಿಸುವುದು ಸಹಜ. ಈ ಉತ್ಸಾಹವನ್ನು ಹುಡುಗಾಟವೆಂದು ತಳ್ಳಿಹಾಕುವವರಲ್ಲಿ ನಾವಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ವಾಚನಾಲಯದ ಓದುಗರ ಮುಂದಿಡದೆ ಇರಲಾರೆವು.

ಇಪ್ಪತ್ತೆರಡರ ತರುಣ. ಕ್ಯಾರಿಯರಿನ ಎರಡೂ ಬದಿಗೆ ಇಪ್ಪತ್ತು ಲೀಟರಿನ ಹಾಲಿನ ಕ್ಯಾನುಗಳು. ತುಂತುರು ಮಳೆಯಲ್ಲಿ ಕೆರೆ ಏರಿಯ ಇಳಿಜಾರು ಇಳಿಯುವಾಗ ಎದುರಿಗೆ ಶಾಲೆಯ ಮಗುವೊಂದು ಬಂತು. ಬ್ರೇಕು ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಮಗುವನ್ನು ತಪ್ಪಿಸಲು ಹೋಗಿ ಮೋರಿಯ ಕಲ್ಲಿಗೆ ಬಡಿದ. ಮುಂದಿನ ಫೋರ್ಕು ಬಾಗಿತು, ಹೆಗಲ ಮೂಳೆ ಮುರಿಯಿತು, ಹಾಲೆಲ್ಲ ಏರಿಯ ಪಾಲಾಯಿತು. ನೋಡಲು ಹೋದಾಗ ಅವನು ಹೇಳಿದ್ದಿಷ್ಟು: "ಎಂಜಿನ್ ಚೆನ್ನಾಗೇ ಓಡ್ತಿತ್ತು ಸಾರ್, ನಿಲ್ಲಲಿಲ್ಲ ಅಷ್ಟೆ."

ಈ ಲೇಖನದ ತಿರುಳೆಲ್ಲ ಆ ಒಂದು ಮಾತಿನಲ್ಲೇ ಇದೆ. ಓಡಿಸುವುದನ್ನು ಕಲಿತವರು ಬಹಳ. ನಿಲ್ಲಿಸುವುದನ್ನು ಮೊದಲು ಯೋಚಿಸಿದವರು ಕಡಿಮೆ.

ಲೆಕ್ಕ ನೋಡೋಣ. ತುಳಿದು ಹೋಗುವ ಸೈಕಲ್ಲಿನ ವೇಗ ಗಂಟೆಗೆ 15 ಕಿ.ಮೀ. ಎಂದಿಟ್ಟುಕೊಳ್ಳಿ. ಎಂಜಿನ್ ಕಟ್ಟಿ 30ಕ್ಕೆ ಏರಿಸಿದರೆ ವೇಗ ಎರಡು ಪಟ್ಟಾದರೂ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 45ಕ್ಕೆ ಹೋದರೆ ಒಂಬತ್ತು ಪಟ್ಟು. ಸವಾರ, ಸೈಕಲ್, ಎಂಜಿನ್, ನಲವತ್ತು ಲೀಟರ್ ಹಾಲು ಎಲ್ಲ ಸೇರಿ ತೂಕ 130 ಕಿಲೋ ದಾಟುತ್ತದೆ. ಇಷ್ಟನ್ನೂ ತಡೆಯಬೇಕಾದದ್ದು ಕಬ್ಬಿಣದ ರಿಮ್ಮಿಗೆ ಉಜ್ಜುವ ರಬ್ಬರು ತುಂಡುಗಳು. ರಿಮ್ಮು ನೆನೆದರೆ ಅವುಗಳ ಹಿಡಿತ ಬಹುಪಾಲು ಹೋದಂತೆಯೇ. ಆದ್ದರಿಂದ ಹಳೆಯ ಕಂಬಿ ಬ್ರೇಕಿನ ಸೈಕಲ್ಲಿಗೆ ಎಂಜಿನ್ ಕಟ್ಟಲೇ ಬಾರದು. ಡ್ರಮ್ ಅಥವಾ ಡಿಸ್ಕ್ ಬ್ರೇಕು ಮುಂದೆಯೂ ಹಿಂದೆಯೂ ಇರುವ ಗಟ್ಟಿ ಸೈಕಲ್ಲನ್ನೇ ಆರಿಸಿ, ಬ್ರೇಕು ಸರಿಯಾದ ಮೇಲಷ್ಟೇ ಎಂಜಿನ್ನಿನ ಮಾತು.

ಎರಡನೆಯದು ಸುತ್ತಿನ ಲೆಕ್ಕ. ಕಳೆ ಕೊಚ್ಚುವ ಯಂತ್ರದ ಎಂಜಿನ್ ನಿಮಿಷಕ್ಕೆ ಆರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. 28 ಅಂಗುಲದ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 20 ಕಿ.ಮೀ. ವೇಗಕ್ಕೆ ಚಕ್ರ ನಿಮಿಷಕ್ಕೆ 150 ಸುತ್ತು ತಿರುಗಿದರೆ ಸಾಕು. ಅಂದರೆ ಎಂಜಿನ್ ನಲವತ್ತು ಸುತ್ತು ತಿರುಗುವಾಗ ಚಕ್ರ ಒಂದು ಸುತ್ತು ತಿರುಗಬೇಕು. 11 ಹಲ್ಲಿನ ಚಕ್ರದಿಂದ 44 ಹಲ್ಲಿನ ಚಕ್ರಕ್ಕೆ ಒಂದೇ ಚೈನು ಹಾಕಿದರೆ ಸಿಗುವುದು ನಾಲ್ಕು ಪಟ್ಟು ಮಾತ್ರ. ಆಗ ಎಂಜಿನ್ ಎಳೆಯಲಾರದೆ ಮುಗ್ಗರಿಸುತ್ತದೆ, ಇಲ್ಲವೆ ಕ್ಲಚ್ ಸುಡುತ್ತದೆ. ನಾಲ್ಕು, ನಾಲ್ಕು, ಎರಡೂವರೆ ಪಟ್ಟಿನಂತೆ ಮೂರು ಹಂತಗಳಲ್ಲಿ ಇಳಿಸಿದರೆ ನಲವತ್ತಕ್ಕೆ ಒಂದು ಸಿಗುತ್ತದೆ.

ಟೈರಿಗೆ ರೋಲರ್ ಒತ್ತುವ ವಿಧಾನ ಸುಲಭ. ಆದರೆ ರೋಲರಿನ ಅಡ್ಡಳತೆಯೇ ವೇಗವನ್ನು ಗೊತ್ತುಮಾಡುತ್ತದೆ ಎಂಬುದನ್ನು ಮರೆಯಬಾರದು. ಆರು ಸಾವಿರ ಸುತ್ತಿನಲ್ಲಿ ಎರಡೂವರೆ ಸೆಂ.ಮೀ. ರೋಲರಿಗೆ 28 ಕಿ.ಮೀ. ವೇಗ ಬಂದರೆ, ನಾಲ್ಕು ಸೆಂ.ಮೀ. ರೋಲರಿಗೆ 45 ಬರುತ್ತದೆ. ಅಲ್ಲದೆ ಕೆಸರಿನಲ್ಲಿ ರೋಲರ್ ಜಾರುತ್ತದೆ, ಟೈರು ಬೇಗ ಸವೆಯುತ್ತದೆ.

ಬೆನ್ನಿಗೆ ಹೊರುವ ಔಷಧಿ ಸಿಂಪರಣೆಯ ಪವರ್ ಸ್ಪ್ರೇಯರಿನ ಎಂಜಿನ್ ಬಳಸುವವರಿಗೆ ಒಂದು ಎಚ್ಚರಿಕೆ. ಕಳೆ ಕೊಚ್ಚುವ ಯಂತ್ರದಲ್ಲಿ ವೇಗ ಏರಿದಾಗ ಹಿಡಿದು, ಇಳಿದಾಗ ಬಿಡುವ ಕ್ಲಚ್ ಇದೆ. ಗಾಳಿ ಊದುವ ಸ್ಪ್ರೇಯರಿನಲ್ಲಿ ಫ್ಯಾನು ನೇರವಾಗಿ ಎಂಜಿನ್ನಿನ ದಂಡಕ್ಕೇ ಕೂತಿರುತ್ತದೆ, ಕ್ಲಚ್ ಇರುವುದಿಲ್ಲ. ಅದನ್ನು ಹಾಗೆಯೇ ಚಕ್ರಕ್ಕೆ ಜೋಡಿಸಿದರೆ ಬ್ರೇಕು ಹಿಡಿದಾಗಲೂ ಎಂಜಿನ್ ತಳ್ಳುತ್ತಲೇ ಇರುತ್ತದೆ. ಇಂಥ ಯಂತ್ರಕ್ಕೆ ವರ್ಷಗಟ್ಟಲೆ ಕೀಟನಾಶಕ ಅಂಟಿರುತ್ತದೆ. ಕೈಗವಸು ತೊಟ್ಟು ಸೋಪಿನ ನೀರಿನಲ್ಲಿ ತೊಳೆಯದೆ ಬಿಚ್ಚಬಾರದು.

ಫ್ರೇಮಿನ ತೆಳು ಕೊಳವೆಗೆ ವೆಲ್ಡಿಂಗ್ ಮಾಡಿದರೆ ಕಾಸಿದ ಜಾಗದಲ್ಲೇ ಮುರಿಯುವ ಭಯವಿದೆ. ಪಟ್ಟಿ, ಬೋಲ್ಟು, ಲಾಕ್‌ ನಟ್ಟುಗಳಿಂದ ಎಂಜಿನ್ನನ್ನು ಫ್ರೇಮಿನ ನಡುವೆ, ಆದಷ್ಟು ಕೆಳಗೆ ಬಿಗಿಯಬೇಕು. ಪೆಟ್ರೋಲ್ ಟ್ಯಾಂಕು ಸೈಲೆನ್ಸರಿನಿಂದ ದೂರವಿರಲಿ. ಚೈನಿಗೆ ತಗಡಿನ ಹೊದಿಕೆ ಇರಲಿ; ಪಂಚೆ, ಸೀರೆಯ ಸೆರಗು ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು. ಎಂಜಿನ್ ಆರಿಸುವ ಗುಂಡಿ ಬಲಗೈ ಹೆಬ್ಬೆರಳಿಗೆ ಸಿಗುವಂತಿರಲಿ.

ಇನ್ನು ಕಾನೂನು. 1988ರ ಮೋಟಾರು ವಾಹನಗಳ ಕಾಯಿದೆಯ 2(28)ನೇ ಪ್ರಕರಣದಂತೆ, ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು ಎಂಜಿನ್ 25 ಸಿಸಿ ಮೀರದ ಗಾಡಿ ಮೋಟಾರು ವಾಹನವಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಕಳೆ ಕೊಚ್ಚುವ ಯಂತ್ರಗಳಲ್ಲಿ 43, 52 ಸಿಸಿಯವೇ ಬಹಳ. ಅವನ್ನು ಕಟ್ಟಿದ ಕೂಡಲೆ ನಿಮ್ಮ ಸೈಕಲ್ ಕಾನೂನಿನ ಕಣ್ಣಿಗೆ ಮೋಟಾರು ವಾಹನವಾಗುತ್ತದೆ. ನೋಂದಣಿ, ಲೈಸೆನ್ಸು, ವಿಮೆ ಎಲ್ಲವೂ ಬೇಕು. ಮಾದರಿ ವಾಹನವನ್ನು ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಅನುಮೋದನೆ ಪಡೆಯಬೇಕೆಂಬ ನಿಯಮವಿರುವುದರಿಂದ, ಮನೆಯಲ್ಲಿ ಕಟ್ಟಿದ ಗಾಡಿಗೆ ಇವೆಲ್ಲ ಸಿಗುವುದು ದುಸ್ತರ. ವಿಮೆಯಿಲ್ಲದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರ ಕೊಡಬೇಕಾದವನು ಮಾಲೀಕನೇ. ಅಂದು ಆ ಮಗುವಿಗೆ ಪೆಟ್ಟಾಗಿದ್ದರೆ ಆ ತರುಣನ ಅಪ್ಪ ಹೊಲ ಮಾರಬೇಕಾಗುತ್ತಿತ್ತು.

ಹಾಗಾದರೆ 25 ಸಿಸಿಯೊಳಗೆ ಕೆಲಸ ನಡೆದೀತೆ? ಖಂಡಿತ ನಡೆಯುತ್ತದೆ. ಗಟ್ಟಿ ಆಳು ನಿರಂತರವಾಗಿ ತುಳಿಯುವ ಶಕ್ತಿ ಅಶ್ವಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ. 25 ಸಿಸಿಯ ನಾಲ್ಕು ಸ್ಟ್ರೋಕಿನ ಸಣ್ಣ ಎಂಜಿನ್ ಸುಮಾರು ಒಂದು ಅಶ್ವಶಕ್ತಿ ಕೊಡುತ್ತದೆ. ಏರಿನಲ್ಲಿ ನಾಲ್ಕು ತುಳಿತದ ಸಹಾಯ ಕೊಟ್ಟರೆ 20 ಕಿ.ಮೀ. ವೇಗಕ್ಕೆ ಅದು ಧಾರಾಳ. ಇದಕ್ಕಿಂತ ದೊಡ್ಡ ಎಂಜಿನ್ನಿನ ಪ್ರಯೋಗ ಬೇಕೆನ್ನುವವರು ಅದನ್ನು ತಮ್ಮ ತೋಟದ ಬೇಲಿಯೊಳಗೇ ಇಟ್ಟುಕೊಳ್ಳುವುದು ಒಳಿತು. ದಿನವೂ ಡಾಂಬರು ರಸ್ತೆಯಲ್ಲಿ ಹೊರೆ ಸಾಗಿಸುವವರಿಗೆ ದಾಖಲೆ ಸರಿಯಿರುವ ಹಳೆಯ ಮೊಪೆಡ್ಡೇ ಕೊನೆಗೆ ಅಗ್ಗ.

ಯಂತ್ರವನ್ನು ಬಿಚ್ಚುವ ಮುನ್ನ ಮತ್ತೊಂದು ಮಾತು. ಕೆಟ್ಟು ಮೂಲೆಗೆ ಬಿದ್ದದ್ದನ್ನು ಬಿಚ್ಚಿ, ಬೇಡವೆನ್ನುವವರಿಲ್ಲ. ಚೆನ್ನಾಗಿರುವ ಯಂತ್ರವನ್ನು, ಅದರಲ್ಲೂ ಸಹಾಯಧನದಲ್ಲಿ ಬೇಸಾಯಕ್ಕೆಂದು ಪಡೆದದ್ದನ್ನು ಬಿಚ್ಚಬೇಡಿ. ತೊಗರಿಗೆ ಕಾಯಿಕೊರಕ ಬಿದ್ದ ವಾರ ಸ್ಪ್ರೇಯರಿನ ಎಂಜಿನ್ ಸೈಕಲ್ಲಿನ ಮೇಲೆ ಕೂತಿದ್ದರೆ, ಉಳಿದ ತುಳಿತದ ಶ್ರಮಕ್ಕಿಂತ ಕಳೆದ ಕಾಳಿನ ಬೆಲೆ ಹೆಚ್ಚಾದೀತು.

ಇಷ್ಟೆಲ್ಲ ಎಚ್ಚರಿಕೆ ಹೇಳಿದ್ದು ಹುಡುಗರ ಕೈ ಕಟ್ಟುವುದಕ್ಕಲ್ಲ. 1946ರಲ್ಲಿ ಜಪಾನಿನ ಹಮಾಮಾತ್ಸುವಿನಲ್ಲಿ ಸೊಯಿಚಿರೊ ಹೊಂಡಾ ಎಂಬಾತ, ಸೈನ್ಯದ ರೇಡಿಯೊಗೆ ವಿದ್ಯುತ್ ಒದಗಿಸಲು ಮಾಡಿದ್ದ ಸಣ್ಣ ಎಂಜಿನ್ನುಗಳನ್ನು ತಂದು ಸೈಕಲ್ಲಿಗೆ ಕಟ್ಟಿದ. ಮೊದಲ ಮಾದರಿಗೆ ಟ್ಯಾಂಕಾಗಿದ್ದುದು ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಪಾತ್ರೆ. ಟೈರಿಗೆ ರೋಲರ್ ಒತ್ತಿ ನೋಡಿ, ಅದು ಬಾಳಿಕೆ ಬರದಿದ್ದಾಗ ಹಿಂದಿನ ಚಕ್ರಕ್ಕೆ ಬೆಲ್ಟು ಹಾಕಿದ. ಎರಡೇ ವರ್ಷದಲ್ಲಿ, 1948ರಲ್ಲಿ, ಹೊಂಡಾ ಕಂಪನಿ ಹುಟ್ಟಿತು. ನಮ್ಮ ದೇಶದಲ್ಲೂ 1972ರಲ್ಲಿ ಬಂದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಹಳ್ಳಿಗಳ ಹಾಲು, ತರಕಾರಿಗಳನ್ನು ಎಷ್ಟು ಹೊತ್ತವೆಂಬುದನ್ನು ಹಿರಿಯ ಓದುಗರು ಬಲ್ಲರು.

ಕೈಯಲ್ಲಿ ಸ್ಪ್ಯಾನರ್ ಹಿಡಿದ ಹುಡುಗ ನಾಳೆ ಊರಿನ ಪಂಪ್‌ಸೆಟ್ಟು, ಟಿಲ್ಲರುಗಳನ್ನು ರಿಪೇರಿ ಮಾಡುವ ಆಸ್ತಿ. ತಾಲ್ಲೂಕಿನ ಐ.ಟಿ.ಐ., ಪಾಲಿಟೆಕ್ನಿಕ್ಕುಗಳು ತಿಂಗಳಿಗೊಂದು ದಿನ ಇಂಥ ತರುಣರಿಗೆ ಬಾಗಿಲು ತೆರೆದು, ಅವರ ಗಾಡಿಯ ಬ್ರೇಕನ್ನೂ ಬೋಲ್ಟುಗಳನ್ನೂ ಪರೀಕ್ಷಿಸಿ ಬುದ್ಧಿ ಹೇಳಿದರೆ ಅದೊಂದು ದೊಡ್ಡ ಉಪಕಾರ. ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ: ಮಗ ಎಂಜಿನ್ ಕಟ್ಟಿದ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದಾಗ ಬೈಯಬೇಡಿ, ಬೆನ್ನೂ ತಟ್ಟಬೇಡಿ. ರಿಮ್ಮಿಗೆ ಒಂದು ಕೊಡ ನೀರು ಸುರಿದು, "ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸು ನೋಡೋಣ" ಎನ್ನಿ. ನಿಲ್ಲಿಸಿ ತೋರಿಸಿದರೆ ಆಮೇಲೆ ಬೆನ್ನು ತಟ್ಟಿ.