ಜಿಲ್ಲೆಯ ಸರಾಸರಿ, ತಳಕಲ್ಲಿನ ಮಗು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಕುಕನೂರು ತಾಲ್ಲೂಕಿನ ತಳಕಲ್ಲಿನಂಥ ಊರುಗಳಲ್ಲೂ ಅದೇ ಪ್ರಶ್ನೆ: ಕೊಪ್ಪಳ ಜಿಲ್ಲೆಗೆ ಎಷ್ಟನೇ ಸ್ಥಾನ? ಸ್ಥಾನ ಕುಸಿದರೆ ಶಿಕ್ಷಕರಿಗೆ ನೋಟಿಸು, ಮಕ್ಕಳಿಗೆ ‘ದಡ್ಡರು’ ಎಂಬ ಹಣೆಪಟ್ಟಿ.

ಆದರೆ ಅಂಕಿಗಳು ಬೇರೆಯದನ್ನೂ ಹೇಳುತ್ತವೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. ಮರುವರ್ಷ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿಯೂ ಅದು ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಮಂಕಾಗಲಿಲ್ಲ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಿದ್ದವು. ಅಳೆಯುವ ಕೋಲೇ ಬದಲಾದಾಗ ಎರಡು ವರ್ಷಗಳನ್ನು ನೇರವಾಗಿ ಹೋಲಿಸುವುದು ತಪ್ಪು.

ಇನ್ನೊಂದು ಅಳತೆಗೋಲೂ ಇದೆ. ಮಕ್ಕಳ ಓದನ್ನು ಅಳೆಯಲು ‘ಪ್ರಥಮ್’ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆ ಶಾಲೆಯ ಬದಲು ಮನೆ ಬಾಗಿಲಿಗೇ ಹೋಗುತ್ತದೆ. ಪಡಸಾಲೆಯಲ್ಲಿ ಕುಳಿತ ಮಗುವಿನ ಮುಂದೆ ಒಂದು ಹಾಳೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಎಲ್ಲಿಯವರೆಗೆ ಓದಬಲ್ಲದೋ ಅದೇ ಆ ಮಗುವಿನ ಮಟ್ಟ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಇಷ್ಟರಿಂದ ಜಿಲ್ಲೆಯ ಅಂದಾಜು ಸಿಗುತ್ತದೆ. ತಳಕಲ್ಲಿನ ಶಾಲೆಯ ಬಗ್ಗೆ ಅದು ಏನನ್ನೂ ಹೇಳದು. ಗುಳೆ ಹೋದ ಮನೆಗೆ ಬೀಗ ಬಿದ್ದಿದ್ದರೆ, ಆ ಮಗುವಿನ ಓದು ಲೆಕ್ಕಕ್ಕೇ ಬರುವುದಿಲ್ಲ.

ಜಿಲ್ಲೆಯ ಸ್ಥಾನ ನೋಡಿ ಮಗುವನ್ನು ದಡ್ಡ ಎನ್ನುವುದು ಗುಂಪಿನ ಲೆಕ್ಕವನ್ನು ವ್ಯಕ್ತಿಯ ತಲೆಗೆ ಕಟ್ಟಿದಂತೆ. ಈ ತಪ್ಪನ್ನು ಸಮಾಜಶಾಸ್ತ್ರಜ್ಞ ಡಬ್ಲ್ಯು.ಎಸ್. ರಾಬಿನ್ಸನ್ 1950ರಲ್ಲೇ ತೋರಿಸಿದ್ದರು. ಅಮೆರಿಕದಲ್ಲಿ ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಹಾಗೆಂದು ವಲಸಿಗರೇ ಹೆಚ್ಚು ಓದಿದವರೆನ್ನುವಂತಿರಲಿಲ್ಲ. ಒಬ್ಬೊಬ್ಬರನ್ನೇ ನೋಡಿದಾಗ ಅವರಲ್ಲೇ ಅನಕ್ಷರತೆ ಹೆಚ್ಚು. ಅವರು ಹೋಗಿ ನೆಲೆಸಿದ್ದು ಓದಿದವರ ರಾಜ್ಯಗಳಲ್ಲಿ, ಅಷ್ಟೆ.

ಮನೋವಿಜ್ಞಾನದ ಸಂಶೋಧಕರು ಈಗ ಮಗು, ತರಗತಿ, ಶಾಲೆ, ಜಿಲ್ಲೆ ಎಂಬ ಸ್ತರಗಳನ್ನು ಬಿಡಿಸಿ ಓದುತ್ತಾರೆ. ಮಗುವಿನ ಸ್ತರದಲ್ಲಿ ಮನೆಮಾತೂ ಲೆಕ್ಕಕ್ಕೆ ಬರುತ್ತದೆ: ಮನೆಮಾತು ಲಂಬಾಣಿಯಾದ ಮಗುವಿಗೆ ಕನ್ನಡದ ಗಣಿತ ಪ್ರಶ್ನೆ ಗಣಿತವನ್ನಷ್ಟೇ ಅಲ್ಲ, ಕನ್ನಡವನ್ನೂ ಪರೀಕ್ಷಿಸುತ್ತದೆ. ಅಲ್ಲಿ ಕಡಿಮೆ ಅಂಕ ಬಂದರೆ ಅದು ಬುದ್ಧಿಯ ಕೊರತೆಯೆಂದು ತೀರ್ಮಾನಿಸಲು ಆಧಾರವೇ ಇಲ್ಲ.

ಆದ್ದರಿಂದ ಶಿಕ್ಷಣ ಇಲಾಖೆ ಬರೀ ಸ್ಥಾನಪಟ್ಟಿ ಪ್ರಕಟಿಸುವುದನ್ನು ಬಿಡಬೇಕು. ಪ್ರತಿ ಜಿಲ್ಲೆಯ ಅಂಕಿಯ ಪಕ್ಕದಲ್ಲಿ ಖಾಲಿ ಇರುವ ಶಿಕ್ಷಕರ ಹುದ್ದೆ, ಮಕ್ಕಳ ಹಾಜರಾತಿ, ಗುಳೆ ಹೋದವರ ಸಂಖ್ಯೆ, ಮನೆಮಾತಿನ ವಿವರ ಇರಲಿ. ಒಂದು ಶಾಲೆಯ ಫಲಿತಾಂಶ ತಗ್ಗಿದಾಗ ನೋಟಿಸಿಗೆ ಮೊದಲು ಆ ಶಾಲೆಗೆ ಗಣಿತ ಶಿಕ್ಷಕರು ಹೋಗಲಿ.