ಪಾದರಕ್ಷೆಯು ರಕ್ಷೆಯಾಗಲಿ

'ಪಾದರಕ್ಷೆ' ಎಂಬುದು ಬಹು ಅರ್ಥವತ್ತಾದ ಶಬ್ದ. ಮೆಟ್ಟು, ಜೋಡು, ಕಾಲ್ಮರಿ ಎಂದು ನಮ್ಮ ನಾಡಿನ ಬೇರೆ ಬೇರೆ ಕಡೆಗಳಲ್ಲಿ ಅದನ್ನು ಕರೆಯುವುದುಂಟು. ಹೆಸರು ಯಾವುದಾದರೇನು, ಪಾದವನ್ನು ಕಾಯುವುದೇ ಅದರ ಕೆಲಸ. ಆದರೆ ಮುಂಬಯಿಯಲ್ಲಿ ವಾಸಿಸುವ ನಾವು ಬೇಸಗೆಯಲ್ಲಿ ತೊಡುವ ಜೋಡುಗಳು ಆ ಕೆಲಸವನ್ನು ಮಾಡುತ್ತಿವೆಯೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಅಂಗಡಿಯ ಗಾಜಿನ ಕಪಾಟನ್ನು ನೋಡಿ ಜೋಡು ಆರಿಸುವವರು ನಮ್ಮಲ್ಲಿ ಬಹಳ. ತಮ್ಮ ಪಾದವನ್ನು ನೋಡಿ ಆರಿಸುವವರು ವಿರಳ.

ಕಳೆದ ಮಾರ್ಚಿ ತಿಂಗಳಿನ ಮಾತು. ಹಿಂದಿನ ವರ್ಷದ ಬೂಟುಗಳು ಚಿಕ್ಕವಾದುದರಿಂದ ನಮ್ಮ ಸಹಪಾಠಿಯೊಬ್ಬನು ಚಪ್ಪಲಿ ಮೆಟ್ಟಿ ತರಗತಿಗೆ ಬಂದನು. ನಾವು ನಕ್ಕೆವು. ಮರುದಿನದಿಂದ ಅವನು ಅವೇ ಬಿಗಿಯಾದ ಬೂಟುಗಳಲ್ಲಿ ಕಾಲು ತುರುಕಿಕೊಂಡು ಬರತೊಡಗಿದನು. ಕೆಲವೇ ದಿನಗಳಲ್ಲಿ ಹೆಬ್ಬೆರಳಿನ ಉಗುರು ಮಾಂಸದೊಳಕ್ಕೆ ಹೊಕ್ಕು ಕೀವು ತುಂಬಿತು. ಗಣಿತದ ಪರೀಕ್ಷೆಯ ದಿನ ಅವನು ಆಸ್ಪತ್ರೆಯ ಬಾಗಿಲಲ್ಲಿ ಸರದಿಗಾಗಿ ಕಾಯುತ್ತಿದ್ದನು. ಬೂಟು ಕಚ್ಚಿತೆಂದು ಎಲ್ಲರೂ ಹೇಳಿದರು. ಆದರೆ ಮೊದಲು ಕಚ್ಚಿದ್ದು ನಮ್ಮ ನಗೆಯೇ ಅಲ್ಲವೇ?

ಒಂದೊಂದು ಪಾದದಲ್ಲಿಯೂ 26 ಎಲುಬುಗಳಿವೆ. ನಮ್ಮ ವಯಸ್ಸಿನಲ್ಲಿ ಅವು ಇನ್ನೂ ಬೆಳೆಯುತ್ತಿರುವುವು. ಇಕ್ಕಟ್ಟಾದ ಬೂಟಿನೊಳಗೆ ಬೆರಳುಗಳು ಒಂದಕ್ಕೊಂದು ಒತ್ತಿ ಸೊಟ್ಟಗಾಗಬಹುದು, ಆಣಿಗಳು ಏಳಬಹುದು. ಮೇಲಾಗಿ ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಬಹಳ ದಟ್ಟವಾಗಿವೆ. ವಿಜಯಪುರದ ಬಿಸಿಲು ಇಲ್ಲಿಯದಕ್ಕಿಂತ ಕಟುವಾದರೂ ಅಲ್ಲಿಯ ಒಣಹವೆಯಲ್ಲಿ ಬೆವರು ಬೇಗನೆ ಆರುತ್ತದೆ. ಸಮುದ್ರತೀರದ ಮುಂಬಯಿಯಲ್ಲಾದರೋ ಗಾಳಿಯೇ ತೇವ. ಪ್ಲಾಸ್ಟಿಕ್ ಅಥವಾ ರೆಕ್ಸಿನ್ನಿನ ಮುಚ್ಚಿದ ಬೂಟಿನಲ್ಲಿ ದಿನವಿಡೀ ಬೆಂದ ಪಾದದ ಬೆರಳ ಸಂದಿಗಳಲ್ಲಿ ಶಿಲೀಂಧ್ರವು ಬೆಳೆದು, ತುರಿಕೆಯೂ ದುರ್ವಾಸನೆಯೂ ಹುಟ್ಟುವುವು, ಚರ್ಮ ಸುಲಿಯುವುದು.

ಹಾಗಾದರೆ ಹವಾಯಿ ಚಪ್ಪಲಿಯೇ ಲೇಸೆಂದು ಕೆಲವರು ವಾದಿಸುವರು. ಅದರಲ್ಲಿ ಗಾಳಿಯಾಡುವುದೇನೋ ನಿಜ. ಆದರೆ ಅದಕ್ಕೆ ಹಿಮ್ಮಡಿಯ ಪಟ್ಟಿಯಿಲ್ಲ. ಜಾರದಂತೆ ಬೆರಳುಗಳಿಂದ ಹಿಡಿದುಕೊಂಡೇ ನಡೆಯಬೇಕು. ಲೋಕಲ್ ಗಾಡಿಯ ನಿಲ್ದಾಣದಲ್ಲಿ ಜನಜಂಗುಳಿಯ ನಡುವೆ ಮೆಟ್ಟಲಿಳಿಯುವವರು ಅದನ್ನು ನಂಬಲಾಗದು.

ಕೊಲ್ಹಾಪುರಿ ಚಪ್ಪಲಿಯ ಮಾತು ಬೇರೆ. ಹೆಸರು ಮಹಾರಾಷ್ಟ್ರದ್ದಾದರೂ ಅಥಣಿ, ನಿಪ್ಪಾಣಿಗಳ ಕಡೆಯ ಕನ್ನಡದ ಕೈಗಳೂ ಅದನ್ನು ಹೊಲಿಯುತ್ತ ಬಂದಿವೆ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಸೂಚಕದ ಮನ್ನಣೆಯು ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸಂದಿದೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಆ ತೊಗಲು ಬೇಸಗೆಯ ತಿರುಗಾಟಕ್ಕೆ ಹಿತಕರ. ಆದರೆ ಓಟಕ್ಕೂ ಮಳೆಗೂ ಅದು ತಕ್ಕುದಲ್ಲ.

ಶಾಲೆಗೆ ಯಾವುದು ಯೋಗ್ಯ? ಮುಂಭಾಗ ಅಗಲವಾಗಿ, ಹಿಮ್ಮಡಿಗೆ ಪಟ್ಟಿಯಿದ್ದು, ಅಟ್ಟೆಯು ದಪ್ಪವಾಗಿಯೂ ಬೆರಳ ಬುಡದಲ್ಲಿ ಬಾಗುವಂತೆಯೂ ಇರುವ ಸ್ಯಾಂಡಲ್ ಯೋಗ್ಯವೆಂದು ನಮ್ಮ ಮತ. ದಿನದ ಓಡಾಟದಿಂದ ಪಾದಗಳು ತುಸು ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಕೊಳ್ಳುವುದು ಒಳ್ಳೆಯದು. ಎರಡೂ ಕಾಲಿಗೆ ತೊಟ್ಟು, ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು ನೋಡಬೇಕು. ಎರಡು ಪಾದಗಳೂ ಸಮನಾಗಿರದಿದ್ದರೆ ದೊಡ್ಡದಕ್ಕೆ ಹೊಂದುವುದನ್ನೇ ಆರಿಸಬೇಕು. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿದ್ದರೆ ಸಾಕು. "ಮುಂದಿನ ವರ್ಷಕ್ಕೂ ಆಗಲಿ" ಎಂದು ಬಹು ದೊಡ್ಡದನ್ನು ಕೊಂಡರೆ ಕಾಲು ಒಳಗೆ ಜಾರಿ ಬೊಕ್ಕೆಗಳೇಳುವುವು.

ಎಲ್ಲ ಮನೆಗಳಲ್ಲಿಯೂ ಬೇಕೆಂದಾಗ ಹೊಸ ಜೋಡು ತರಲಾಗದು. ಇದನ್ನು ನಾವು ಬಲ್ಲೆವು. ಆದರೆ ಸಂಜೆ ಕಾಲು ತೊಳೆದು ಬೆರಳ ಸಂದಿಗಳನ್ನು ಒರಸುವುದಕ್ಕೆ, ಕಾಲುಚೀಲವನ್ನು ದಿನವೂ ಒಗೆಯುವುದಕ್ಕೆ, ಬೂಟನ್ನು ರಾತ್ರಿ ಗಾಳಿಗಿಡುವುದಕ್ಕೆ ಹಣ ಬೇಡ. ಹರಿದ ಪಟ್ಟಿಯನ್ನು ನಿಲ್ದಾಣದ ಬಳಿ ಕುಳಿತು ಹೊಲಿದುಕೊಡುವ ಹಿರಿಯರೂ ಇದ್ದಾರೆ.

ಕೊನೆಯದಾಗಿ ಎರಡು ಮಾತು. ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿಯೂ ಅಕ್ಟೋಬರದ ಸೆಕೆಯಲ್ಲಿಯೂ ಸಮವಸ್ತ್ರದೊಡನೆ ಪಟ್ಟಿಯ ಸ್ಯಾಂಡಲ್ ತೊಡಲು ಗುರುಹಿರಿಯರು ಅಪ್ಪಣೆ ಕೊಡಬೇಕೆಂದು ನಮ್ಮ ವಿನಂತಿ. ಎರಡನೆಯದು ಸಹಪಾಠಿಗಳಾದ ನಮಗೆ ನಾವೇ ಹೇಳಿಕೊಳ್ಳಬೇಕಾದುದು: ಇನ್ನೊಬ್ಬರ ಕಾಲಿನತ್ತ ನೋಡಿ ನಗುವುದು ಬೇಡ. ಆ ಗೆಳೆಯನು ಈಗ ಸ್ಯಾಂಡಲ್ ತೊಟ್ಟು ನೆಟ್ಟಗೆ ನಡೆಯುತ್ತಿದ್ದಾನೆ. ಅವನ ಪಕ್ಕದಲ್ಲಿ ನಡೆಯುವಾಗ ನಮ್ಮ ತಲೆಯೇ ಇನ್ನೂ ತುಸು ತಗ್ಗುತ್ತದೆ.