ಡಾಕ್ಟ್ರಿಗೆ ಶಾಲು ಹಾಕಿದರೆ ಮುಗಿಯಿತಾ?

ಊರಿನ ಡಾಕ್ಟ್ರಿಗೆ ಸನ್ಮಾನ ಅಂದರೆ ನಮ್ಮಲ್ಲಿ ಒಂದು ಕ್ರಮ ಉಂಟು. ಶಾಲು, ಹಾರ, ಹಣ್ಣಿನ ಬುಟ್ಟಿ, ಮಾನಪತ್ರ. ನಾಲ್ಕು ಜನ ಭಾಷಣ ಮಾಡುತ್ತಾರೆ, ಫೋಟೋ ವಾಟ್ಸಾಪಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಅದು ತಪ್ಪು ಅಂತ ಹೇಳುದಲ್ಲ. ಆದರೆ ಅಷ್ಟೇ ಸಾಕಾ?

ಸೊಲ್ಲಾಪುರ, ತಾಳವಾಡಿ, ಮಡಕಶಿರಾ ಕಡೆಯ ಗೆಳೆಯರಿಗೆ ನಮ್ಮ ಕಾಸರಗೋಡಿನ ಒಬ್ಬ ಡಾಕ್ಟ್ರ ಕತೆ ಹೇಳಬೇಕು. ಎಣ್ಮಕಜೆ ಪಂಚಾಯತಿನ ಪಡ್ರೆ ಕರ್ನಾಟಕದ ಗಡಿಗೆ ತಾಗಿಕೊಂಡ ಗ್ರಾಮ. ಕನ್ನಡ, ತುಳು ಮಾತಾಡುವ ಜನ. ಅಲ್ಲಿನ ವಾಣೀನಗರದಲ್ಲಿ 1980ರ ದಶಕದ ಆರಂಭದಿಂದ ರೋಗಿಗಳನ್ನು ನೋಡುತ್ತಾ ಬಂದವರು ಡಾ. ವೈ.ಎಸ್. ಮೋಹನ ಕುಮಾರ್. ದೊಡ್ಡ ಆಸ್ಪತ್ರೆ ಇಲ್ಲ, ಲ್ಯಾಬ್ ಇಲ್ಲ. ಹಳ್ಳಿಯ ಒಂದು ಕ್ಲಿನಿಕ್, ಅಷ್ಟೆ.

ವರ್ಷ ಕಳೆದ ಹಾಗೆ ಅವರಿಗೆ ಒಂದು ವಿಷಯ ಕಾಡತೊಡಗಿತು. ಇಷ್ಟು ಸಣ್ಣ ಊರಿನಲ್ಲಿ ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಹುಟ್ಟಿನಿಂದಲೇ ಅಂಗವೈಕಲ್ಯ, ಕ್ಯಾನ್ಸರ್, ಮಾನಸಿಕ ಕಾಯಿಲೆ ಇಷ್ಟೊಂದು ಯಾಕೆ? ದೈವದ ಕೋಪ ಅಂದುಕೊಂಡವರೂ ಇದ್ದರು. ಡಾಕ್ಟ್ರು ಮಾತ್ರೆ ಕೊಟ್ಟು ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಯಾವ ಮನೆಯಲ್ಲಿ ಯಾವ ಕಾಯಿಲೆ ಎಂದು ಲೆಕ್ಕ ಇಟ್ಟರು. ಕಾರಣ ಏನಿರಬಹುದು ಎಂದು ಕೇಳಿ ವೈದ್ಯಕೀಯ ಪತ್ರಿಕೆಗೆ ಬರೆದರು.

ಗುಡ್ಡದ ಮೇಲೆ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಅದಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಣೆ. ತಗ್ಗಿನಲ್ಲಿ ಮನೆಗಳು. ಕುಡಿಯಲಿಕ್ಕೆ ಅದೇ ಗುಡ್ಡದಿಂದ ಬರುವ ಸುರಂಗದ ನೀರು, ತೋಡಿನ ನೀರು. ಇದೇ ಊರಿನ ಪತ್ರಕರ್ತ ಶ್ರೀಪಡ್ರೆ ವಿಷಯವನ್ನು ಹೊರಜಗತ್ತಿಗೆ ಮುಟ್ಟಿಸಿದರು. 2001ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಪರೀಕ್ಷೆ ಮಾಡಿದಾಗ ಪಡ್ರೆಯ ನೀರಿನಲ್ಲೂ ಜನರ ರಕ್ತದಲ್ಲೂ ವಿಷ ಸಿಕ್ಕಿತು. ಕಾಯಿಲೆಗೂ ಸಿಂಪಡಣೆಗೂ ಸಂಬಂಧ ಇಲ್ಲ ಎಂದ ಸಮಿತಿಯೂ ಬಂತು. ಜನ ಬಿಡಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು.

ಇಷ್ಟೆಲ್ಲದರ ಹಿಂದೆ ಇದ್ದ ಒಂದು ಕೆಲಸ ನೋಡಿ: ಜನರ ಮಾತನ್ನು ಕಿವಿಗೊಟ್ಟು ಕೇಳುವುದು, ಕೇಳಿದ್ದನ್ನು ಬರೆದಿಡುವುದು.

ಇದು ನಮಗೆ ಯಾಕೆ ಮುಖ್ಯ ಗೊತ್ತಾ? ಒಮ್ಮೆ ನನ್ನ ಅಜ್ಜಿಯನ್ನು ಒಂದು ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. ಅಜ್ಜಿಗೆ ಮಲಯಾಳ ಬರುದಿಲ್ಲ, ಡಾಕ್ಟ್ರಿಗೆ ಕನ್ನಡ ಬರುದಿಲ್ಲ. ಎದೆಯಲ್ಲಿ ಒಂಥರಾ ಉರಿ, ಕಾಲು ಸೆಳೆತ, ರಾತ್ರಿ ಒದ್ದಾಟ ಅಂತ ಅಜ್ಜಿ ಹೇಳಿದ್ದು ನನ್ನ ಹರಕು ಮಲಯಾಳದಲ್ಲಿ ಬರೀ 'ನೋವು' ಆಯ್ತು. ಚೀಟಿಯಲ್ಲೂ ಅದೇ ಬಿತ್ತು. ಗಡಿಯ ಮುದುಕರ ಅರ್ಧ ಕಾಯಿಲೆ ಹೀಗೆ ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ನಮ್ಮ ಭಾಷೆಯಲ್ಲಿ "ಎಂತಾಯ್ತು?" ಅಂತ ಕೇಳುವ ಡಾಕ್ಟ್ರು ನಮಗೆ ಬರೀ ಡಾಕ್ಟ್ರಲ್ಲ.

ನಿಮ್ಮ ಊರಿನಲ್ಲೂ ಇಂಥವರು ಒಬ್ಬರಾದರೂ ಇದ್ದಾರು. ಹತ್ತಿಪ್ಪತ್ತು ರೂಪಾಯಿ ತಗೊಂಡು, ಕೆಲವರಿಂದ ಅದನ್ನೂ ತಗೊಳ್ಳದೆ, ಮೂರು ತಲೆಮಾರು ನೋಡಿದವರು. ಅವರಿಗೆ ಶಾಲು ಹಾಕಿ, ಖಂಡಿತ ಹಾಕಿ. ಆದರೆ ಅದಕ್ಕೆ ಮೊದಲು ಒಂದು ಮಧ್ಯಾಹ್ನ ಅವರ ಹತ್ತಿರ ಕೂತು, ಊರಿನ ಆರೋಗ್ಯದಲ್ಲಿ ಅವರು ಕಂಡ ಬದಲಾವಣೆ ಏನು ಅಂತ ಕೇಳಿ ಬರಕೊಳ್ಳಿ. ಆ ತಿಳುವಳಿಕೆ ಅವರೊಟ್ಟಿಗೇ ಹೋಗಬಾರದು.

ಮತ್ತೆ, ಮೆಡಿಕಲ್ಲೋ ನರ್ಸಿಂಗೋ ಓದುತ್ತಿರುವವರೇ, ಬೆಂಗಳೂರು, ಗಲ್ಫ್ ಎಲ್ಲ ಸರಿ. ವಾರಕ್ಕೊಂದು ದಿನವೋ ವರ್ಷಕ್ಕೊಂದು ತಿಂಗಳೋ ಊರಿನ ಕ್ಲಿನಿಕ್ಕಿನಲ್ಲಿ ಕೂರಲಿಕ್ಕಾಗುತ್ತದಾ ನೋಡಿ. ಅದು ಆಗದವರು ಪಕ್ಕದ ಮನೆಯ ಅಜ್ಜಿಯೊಟ್ಟಿಗೆ ಆಸ್ಪತ್ರೆಗೆ ಹೋಗಿ, ಅವರು ಹೇಳಿದ್ದನ್ನು ಒಂದೂ ಬಿಡದೆ ಡಾಕ್ಟ್ರಿಗೆ ಮುಟ್ಟಿಸಿ.

ಶಾಲು ಕಪಾಟಿಗೆ ಹೋಗುತ್ತದೆ. ಡಾಕ್ಟ್ರು ಮಾಡಿದ ಕೆಲಸ ಮುಂದುವರಿಯಬೇಕಾದ್ದು ನಮ್ಮಿಂದ.